ಡಾ. ಕೋಟ್ನಿಸ್ ಸ್ಮಾರಕ, ಸೊಲ್ಲಾಪುರ

ಭೈಯಾ ಚೌಕದ ಈ ಮನೆ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಕುಟುಂಬದ್ದು. 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಹುಟ್ಟಿದ ಅವರು ಮುಂಬೈಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದರು.

ಜಪಾನಿನ ದಾಳಿಗೆ ಸಿಲುಕಿದ ಚೀನಾಕ್ಕೆ ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಕೋಟ್ನಿಸ್ ಒಬ್ಬರು. ಉಳಿದವರೆಲ್ಲ ಊರಿಗೆ ಮರಳಿದರು; ಇವರು ಮಾತ್ರ ಮರಳಲಿಲ್ಲ. ಚೀನೀ ಭಾಷೆ ಕಲಿತು, ಚೀನೀ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಯ ಶಸ್ತ್ರವೈದ್ಯರಾದರು. 1940ರ ಕದನವೊಂದರಲ್ಲಿ ನಿದ್ದೆಯಿಲ್ಲದೆ ಸತತ 72 ಗಂಟೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕೆನಡಾದ ವೈದ್ಯ ನಾರ್ಮನ್ ಬೆಥೂನ್ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದರು. ಮೂವತ್ತರ ಹರೆಯಕ್ಕೆ ಇದು ಸಣ್ಣ ಹೊಣೆಯಲ್ಲ.

ಅದೇ ವರ್ಷ ಶುಶ್ರೂಷಾ ಶಿಕ್ಷಕಿ ಗುವೊ ಕ್ವಿಂಗ್ಲಾನ್ ಅವರನ್ನು ಮದುವೆಯಾದರು. ದಂಪತಿಯ ಪ್ರಸಿದ್ಧ ಛಾಯಾಚಿತ್ರದಲ್ಲಿ ಉಡುಪನ್ನು ಗಮನಿಸಿ: ಇಬ್ಬರದೂ ಸೈನಿಕರ ಸಮವಸ್ತ್ರ.

ಮಗ ಹುಟ್ಟಿ ಕೆಲವೇ ತಿಂಗಳಿಗೆ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ಕೋಟ್ನಿಸ್ ತೀರಿಕೊಂಡರು. ಆಗ ವಯಸ್ಸು 32. ವಿ. ಶಾಂತಾರಾಮ್ 1946ರಲ್ಲಿ ಅವರ ಬದುಕನ್ನು ಹಿಂದಿ ಚಿತ್ರವಾಗಿಸಿ, ತಾವೇ ನಾಯಕನ ಪಾತ್ರ ವಹಿಸಿದರು. ಕೋಟ್ನಿಸ್ ಅವರ ಸಮಾಧಿ ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿದೆ.