ಜೋಡಿ ಚಕ್ರದ ಗಡಿಯಾರ
ಹಡಗಿನ ಹೊಯ್ದಾಟಕ್ಕೆ ಕಾಲ ತಪ್ಪಬಾರದೆಂದು ಜಾನ್ ಹ್ಯಾರಿಸನ್ 1735ರ ತನ್ನ ಮೊದಲ ಕಡಲ ಗಡಿಯಾರದಲ್ಲಿ ಎರಡು ಬ್ಯಾಲೆನ್ಸ್‌ಗಳನ್ನು ಒಂದಕ್ಕೊಂದು ಜೋಡಿಸಿ, ಎದುರುಬದುರಾಗಿ ತೂಗುವಂತೆ ಮಾಡಿದ. ಅಲೆ ಒಂದನ್ನು ಮುಂದೆ ನೂಕಿದರೆ ಇನ್ನೊಂದನ್ನು ಹಿಂದೆಳೆಯುತ್ತದೆ. 1759ರ ನಾಲ್ಕನೆಯ ಗಡಿಯಾರಕ್ಕೆ ಮಾತ್ರ ಒಂದೇ ಬ್ಯಾಲೆನ್ಸ್ ಚಕ್ರ ಸಾಕೆಂದ. ಅಲ್ಲಿಗೆ ಜೋಡಿ ಚಕ್ರ ಸೋತಿತೆ? ಹಾಗೆನ್ನುವುದು ಅವಸರ. ಪ್ಯಾರಿಸ್ಸಿನ ಗಡಿಯಾರಗಾರ ಬ್ರೆಗೆ ಒಂದನ್ನೊಂದು ಮುಟ್ಟದ ಎರಡು ಚಕ್ರಗಳನ್ನು ಅಕ್ಕಪಕ್ಕ ಕೂರಿಸಿ, ಅನುರಣನದಿಂದಲೇ ಲಯ ಕೂಡಿಸಿದ. 1996ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್ ಡುಫೂರ್ ‘ಡ್ಯುಯಾಲಿಟಿ’ ಕೈಗಡಿಯಾರದಲ್ಲಿ ಎರಡು ಚಕ್ರಗಳ ನಡುವೆ, ಅವುಗಳ ಓಟದ ಸರಾಸರಿ ತೆಗೆಯುವ ಡಿಫರೆನ್ಷಿಯಲ್ ಇಟ್ಟ: ಒಂದು ದಿನಕ್ಕೆ 6 ಸೆಕೆಂಡು ಮುಂದೆ, ಇನ್ನೊಂದು 2 ಸೆಕೆಂಡು ಹಿಂದೆ ಓಡಿದರೆ ಮುಳ್ಳು ಮುಂದೋಡುವುದು 2 ಸೆಕೆಂಡಷ್ಟೇ. ಚೆನ್ನಾಗಿ ಹದಮಾಡಿದ ಒಂಟಿ ಚಕ್ರ ಸಾಲದೆ ಎಂಬ ಆಕ್ಷೇಪ ನ್ಯಾಯವೇ. ಸೆಕೆಗೆ ಎರಡೂ ಒಟ್ಟಿಗೆ ನಿಧಾನವಾದರೆ ಸರಾಸರಿಯೂ ತಪ್ಪುತ್ತದೆ. ಆದರೆ ಮಣಿಕಟ್ಟು ತಿರುಗಿದಾಗ ಚಕ್ರಗಳು ತಪ್ಪುವ ಬಗೆ ಬೇರೆಬೇರೆ. ಡುಫೂರ್ ಲೆಕ್ಕ ಗೆಲ್ಲುವುದು ಅಲ್ಲಿ.