ಸಮುದ್ರಾಂತರ ಹೋದ ಜರ್ಮನರೂ ಅವರ ಬಂಧುಗಳ ಅನ್ವೇಷಣವೂ

ಕನ್ನಡನಾಡಿನಲ್ಲಿ ಎತ್ತನ್ನೇರಿ ಊರೂರು ತಿರುಗುವ ಹೆಳವರು ಒಕ್ಕಲುಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಮೂಲಪುರುಷನು ಯಾರು, ಅವನು ಯಾವ ಊರನ್ನು ಬಿಟ್ಟು ಬಂದನು, ಅವನ ಅಣ್ಣತಮ್ಮಂದಿರ ಮಕ್ಕಳು ಎಲ್ಲೆಲ್ಲಿ ನೆಲೆಸಿದರು ಎಂಬುದನ್ನು ಹೇಳುತ್ತಾರೆ. ಬಿಟ್ಟುಬಂದ ಊರಿನ ಹೆಸರು ಮರೆತುಹೋದರೆ ಒಡೆದ ಮನೆಗಳನ್ನು ಕೂಡಿಸಿ ಹೇಳುವ ಮಾರ್ಗವೇ ಇಲ್ಲದಂತಾಗುವುದು. ಜರ್ಮನಿಯಿಂದ ಸಮುದ್ರವನ್ನು ದಾಟಿ ಹೋದವರ ವಿಷಯದಲ್ಲಿಯೂ ಇದೇ ನ್ಯಾಯವು ಅನ್ವಯಿಸುತ್ತದೆ. ಅಲ್ಲಿ ಹೆಳವರ ಕೆಲಸವನ್ನು ಮಾಡಿದವರು ಇಗರ್ಜಿಯ ಪಾದ್ರಿಗಳು, ರೇವಿನ ಗುಮಾಸ್ತರು ಮತ್ತು ನ್ಯಾಯಸ್ಥಾನದ ಅಧಿಕಾರಿಗಳು. ಅವರು ಬರೆದಿಟ್ಟ ಕಾಗದಗಳಲ್ಲಿ ಯಾವುವು ಉಳಿದುವು, ಯಾವುವು ಅಳಿದುವು ಎಂಬುದರ ಮೇಲೆಯೇ ಲಕ್ಷಾಂತರ ಕುಟುಂಬಗಳು ತಮ್ಮ ಬಂಧುಗಳನ್ನು ಮರಳಿ ಕಂಡುಕೊಳ್ಳುವುದೂ ಕಂಡುಕೊಳ್ಳದಿರುವುದೂ ನಿಂತಿದೆ.

19ನೆಯ ಶತಮಾನದ ಆದಿಭಾಗದಿಂದ ಮೊದಲನೆಯ ಮಹಾಯುದ್ಧದವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋದ ಜರ್ಮನರ ಸಂಖ್ಯೆ ಸುಮಾರು 55 ಲಕ್ಷ. 1882 ಒಂದೇ ವರ್ಷದಲ್ಲಿ ಎರಡೂವರೆ ಲಕ್ಷ ಜನರು ಹೋದರು. ಬ್ರಜಿಲ್, ಆಸ್ಟ್ರೇಲಿಯ, ರಷ್ಯದ ವೋಲ್ಗಾ ತೀರ ಮೊದಲಾದ ಕಡೆಗಳಿಗೆ ಹೋದವರು ಬೇರೆ. ನೈಋತ್ಯ ಭಾಗದ ವ್ಯೂರ್ಟೆಂಬರ್ಗ್, ಬಾಡೆನ್ ಸೀಮೆಗಳಲ್ಲಿ ತಂದೆಯ ಭೂಮಿಯನ್ನು ಮಕ್ಕಳೆಲ್ಲರಿಗೂ ಸಮನಾಗಿ ಹಂಚುವ ಪದ್ಧತಿಯಿದ್ದುದರಿಂದ ಹಿಡುವಳಿಗಳು ಸಂಸಾರವನ್ನು ಸಾಕಲಾರದಷ್ಟು ಚಿಕ್ಕವಾಗಿದ್ದುವು. 1816-17ರ ಕ್ಷಾಮವೂ 1846-47ರ ಆಲೂಗೆಡ್ಡೆಯ ಬೆಳೆನಾಶವೂ ಅಂತಹ ಮನೆಗಳನ್ನು ಹಡಗಿನ ಕಡೆಗೆ ತಳ್ಳಿದುವು. ಹೋದವರು ಮೊದಮೊದಲು ಕಾಗದ ಬರೆಯುತ್ತಿದ್ದರು. ತಂದೆತಾಯಿಗಳು ತೀರಿಕೊಂಡ ಬಳಿಕ ಅನೇಕ ಮನೆಗಳಲ್ಲಿ ಅದೂ ನಿಂತಿತು. ಮೂರನೆಯ ತಲೆಮಾರಿಗೆ ಉಳಿದದ್ದು “ಅಜ್ಜನು ಜರ್ಮನಿಯವನು” ಎಂಬ ಮಾತು ಮಾತ್ರ.

ಈ ಮಾತಿನಿಂದ ಶೋಧಕನಿಗೆ ಏನೂ ಪ್ರಯೋಜನವಿಲ್ಲ. 1871ಕ್ಕೆ ಮೊದಲು ಜರ್ಮನಿಯೆಂಬ ಏಕರಾಜ್ಯವೇ ಇರಲಿಲ್ಲ. ಅಮೆರಿಕದ ಜನಗಣತಿಯ ಗುಮಾಸ್ತನು “ಪ್ರಷ್ಯ” ಎಂದೋ “ಬವೇರಿಯ” ಎಂದೋ ಬರೆದುಕೊಂಡು ಮುಂದಿನ ಮನೆಗೆ ಹೋದನು. ಜರ್ಮನಿಯಲ್ಲಾದರೋ ದೇಶಕ್ಕೆಲ್ಲ ಒಂದಾದ ಜನನಸೂಚಿಯಿಲ್ಲ. ಸರಕಾರವು ಜನನ, ವಿವಾಹ, ಮರಣಗಳನ್ನು ದಾಖಲೆ ಮಾಡತೊಡಗಿದ್ದು ಪ್ರಷ್ಯದಲ್ಲಿ 1874ರ ಅಕ್ಟೋಬರಿನಿಂದ, ಸಾಮ್ರಾಜ್ಯದಲ್ಲೆಲ್ಲ 1876ರ ಜನವರಿಯಿಂದ. ಫ್ರೆಂಚರ ಆಳ್ವಿಕೆಗೆ ಒಳಗಾಗಿದ್ದ ರೈನ್ ನದಿಯ ಎಡದಡದಲ್ಲಿ ಮಾತ್ರ 1798ರಿಂದಲೇ ಇದು ನಡೆಯಿತು. ಅದಕ್ಕೆ ಹಿಂದಿನ ಕಾಲಕ್ಕೆ ಊರೂರಿನ ಇಗರ್ಜಿಯ ಪುಸ್ತಕಗಳೇ ಆಧಾರ. ಇವು ಕೆಲವೆಡೆ 16ನೆಯ ಶತಮಾನದಲ್ಲಿಯೇ ಆರಂಭವಾದುವಾದರೂ, 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಸುಟ್ಟುಹೋದುದರಿಂದ ಅನೇಕ ಊರುಗಳ ಪುಸ್ತಕಗಳು ಅದರ ಅನಂತರದವು. ಊರು ಗೊತ್ತಿದ್ದರೆ ಬಡ ನೇಕಾರನ ವಂಶವನ್ನೂ ಎಂಟು ಹತ್ತು ತಲೆಮಾರುಗಳವರೆಗೆ ಏರಿಸಬಹುದು. ಗೊತ್ತಿಲ್ಲದಿದ್ದರೆ ಸಾಹುಕಾರನ ತಂದೆಯ ಹೆಸರೂ ಸಿಕ್ಕದು. ಊರಿನ ಹೆಸರೊಂದು ದೊರೆತ ಮಾತ್ರಕ್ಕೆ ತೊಡಕು ತೀರಿತೆಂದೂ ಅಲ್ಲ. 1912-13ರಲ್ಲಿ ಅಚ್ಚಾದ ಮೇಯರನ ಸ್ಥಳಕೋಶದಲ್ಲಿ 2,10,000ಕ್ಕೂ ಹೆಚ್ಚು ಸ್ಥಳಗಳಿವೆ. ಹೊಸಹಳ್ಳಿಗಳು ಕನ್ನಡನಾಡಿನಲ್ಲಿ ಎಷ್ಟಿವೆಯೋ ಅಲ್ಲಿ ನಾಯ್‌ಷ್ಟಾಟ್‌ಗಳೂ ನಾಯ್‌ಕಿರ್ಖೆನ್‌ಗಳೂ ಹಾಗೆಯೇ ಇವೆ.

ಪುಸ್ತಕ ಸಿಕ್ಕಿದರೂ ಓದುವುದು ಸುಲಭವಲ್ಲ. ಅವು ಕುರೆಂಟ್ ಎಂಬ ಕೂಡುಬರಹದಲ್ಲಿವೆ. 1941ರ ಆಜ್ಞೆಯಿಂದ ಈ ಬರಹದ ಕಲಿಕೆ ಶಾಲೆಗಳಲ್ಲಿ ನಿಂತುಹೋದ ಕಾರಣ, ಮೋಡಿ ದಫ್ತರಗಳ ಮುಂದೆ ಕುಳಿತ ಕನ್ನಡಿಗನ ಪಾಡೇ ಇಂದಿನ ಸಾಮಾನ್ಯ ಜರ್ಮನನದೂ ಆಗಿದೆ.

ಹೆಸರುಗಳ ವಿಚಾರವು ಇನ್ನೂ ಸ್ವಾರಸ್ಯವುಳ್ಳದ್ದು. ವಾಯವ್ಯದ ಪೂರ್ವ ಫ್ರೀಸಿಯದಲ್ಲಿ ಕುಲನಾಮವೇ ಇಲ್ಲದೆ ತಂದೆಯ ಹೆಸರನ್ನು ಮಗನ ಹೆಸರಿಗೆ ಸೇರಿಸುತ್ತಿದ್ದರು. ಯಾನ್ ಎಂಬವನ ಮಗ ಹಾರ್ಮನು ಹಾರ್ಮ್ ಯಾನ್ಸೆನ್. ಅವನ ಮಗನಿಗೆ ಅಜ್ಜನ ಹೆಸರಿಟ್ಟರೆ ಅವನು ಯಾನ್ ಹಾರ್ಮ್ಸ್. 1811ರಲ್ಲಿ ನೆಪೋಲಿಯನ್ನನು ಸ್ಥಿರವಾದ ಕುಲನಾಮವನ್ನು ಇಟ್ಟುಕೊಳ್ಳಬೇಕೆಂದು ಆಜ್ಞೆ ಮಾಡಿದರೂ ಜನರು ಬಹುಕಾಲ ಹಳೆಯ ರೂಢಿಯನ್ನು ಬಿಡಲಿಲ್ಲ. ವೆಸ್ಟ್‌ಫೇಲಿಯದಲ್ಲಿ ಒಕ್ಕಲುಮನೆಗೇ ಹೆಸರು. ಮನೆಯಳಿಯನಾಗಿ ಬಂದವನು ತನ್ನ ಕುಲನಾಮವನ್ನು ಬಿಟ್ಟು ಆ ಮನೆಯ ಹೆಸರನ್ನು ಧರಿಸುತ್ತಿದ್ದನು. ಆದುದರಿಂದ ಒಡಹುಟ್ಟಿದವರ ಹೆಸರುಗಳೂ ಬೇರೆ ಬೇರೆಯಾಗಿರುವುದುಂಟು. ಯೆಹೂದ್ಯರು ಸ್ಥಿರನಾಮಗಳನ್ನು ಪಡೆದದ್ದು ಬಾಡೆನ್ನಿನಲ್ಲಿ 1809ರಲ್ಲಿ, ಪ್ರಷ್ಯದಲ್ಲಿ 1812ರಲ್ಲಿ, ಬವೇರಿಯದಲ್ಲಿ 1813ರಲ್ಲಿ. ಇದರ ಮೇಲೆ ಅಮೆರಿಕದಲ್ಲಿ ಮ್ಯೂಲರನು ಮಿಲ್ಲರನಾದನು, ಷ್ಮಿಟ್ಟನು ಸ್ಮಿತ್ತನಾದನು, ಬಡಗಿಯೆಂಬ ಅರ್ಥದ ತ್ಸಿಮ್ಮರ್‌ಮನ್ನನು ಅದೇ ಅರ್ಥದ ಕಾರ್ಪೆಂಟರನಾದನು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರುಗಳನ್ನು ಬದಲಾಯಿಸಿದರೆಂಬ ಐತಿಹ್ಯವು ಅಮೆರಿಕದ ಮನೆಮನೆಯಲ್ಲಿಯೂ ಕೇಳಿಬರುತ್ತದೆಯಾದರೂ ಅದಕ್ಕೆ ಆಧಾರವಿಲ್ಲ. ಆ ಅಧಿಕಾರಿಗಳ ಕೈಯಲ್ಲಿದ್ದುದು ಹಡಗು ಹೊರಡುವಾಗಲೇ ಬರೆದು ತಂದ ಪಟ್ಟಿ. ಹೆಸರುಗಳನ್ನು ಬದಲಾಯಿಸಿದವರು ನೆರೆಹೊರೆಯವರು, ಶಾಲೆಯ ಉಪಾಧ್ಯಾಯರು, ಹೆಚ್ಚಾಗಿ ವಲಸೆಗಾರರು ತಾವೇ.

ಆ ಪಟ್ಟಿಗಳ ಚರಿತ್ರೆಯೇ ಈ ಶೋಧದ ಮರ್ಮಸ್ಥಾನ. ಹ್ಯಾಂಬುರ್ಗಿನಲ್ಲಿ 1850ರಿಂದ 1934ರವರೆಗೆ, ಮೊದಲನೆಯ ಮಹಾಯುದ್ಧದ ವರ್ಷಗಳನ್ನು ಬಿಟ್ಟು, ಹಡಗೇರಿದವರ ಹೆಸರು, ವಯಸ್ಸು, ಕಸುಬು, ಬಿಟ್ಟು ಹೊರಟ ಊರು ಇವುಗಳನ್ನು ಬರೆದಿಟ್ಟರು. ನೇರವಾಗಿ ಸಮುದ್ರಾಂತರ ಹೋದವರ ಪಟ್ಟಿ ಒಂದು. ಇಂಗ್ಲೆಂಡಿಗೆ ಹೋಗಿ ಲಿವರ್‌ಪೂಲಿನಲ್ಲಿ ಬೇರೆ ಹಡಗು ಹತ್ತಿದ ಬಡವರ ಪಟ್ಟಿ ಮತ್ತೊಂದು. ಸುಮಾರು 50 ಲಕ್ಷ ಜನರ ಹೆಸರುಳ್ಳ ಈ ಸಂಪುಟಗಳು ಬಾಂಬುಗಳ ಮಳೆಯಲ್ಲಿಯೂ ಉಳಿದು ಹ್ಯಾಂಬುರ್ಗಿನ ಪತ್ರಾಗಾರದಲ್ಲಿವೆ. ಬ್ರೇಮೆನ್ ರೇವಿನ ಕಥೆ ಬೇರೆ. 19ನೆಯ ಶತಮಾನದ ಬಹುಭಾಗದಲ್ಲಿ ಜರ್ಮನ್ ವಲಸೆಗಾರರು ಹೆಚ್ಚಾಗಿ ಹಡಗೇರಿದ್ದು ಅಲ್ಲಿಂದ. 1832ರಲ್ಲಿಯೇ ಪ್ರಯಾಣಿಕರ ಪಟ್ಟಿಯನ್ನು ಕಡ್ಡಾಯ ಮಾಡಿದ ಕೀರ್ತಿಯೂ ಆ ನಗರದ್ದು. ಆದರೆ 1875ರಿಂದ ಸುಮಾರು 1908ರವರೆಗೆ, ಇಡಲು ಸ್ಥಳವಿಲ್ಲವೆಂಬ ಕಾರಣದಿಂದ, ಮೂರು ವರ್ಷಕ್ಕೆ ಹಳೆಯದಾದ ಪಟ್ಟಿಗಳನ್ನು ನಾಶಮಾಡುತ್ತ ಬಂದರು. ಮಿಕ್ಕದ್ದರಲ್ಲಿ ಬಹುಭಾಗವು ಎರಡನೆಯ ಮಹಾಯುದ್ಧದಲ್ಲಿ ಹೋಯಿತು. ಶತ್ರುವಿನ ಬಾಂಬಿಗಿಂತ ಕಪಾಟಿನ ಇಕ್ಕಟ್ಟೇ ಇಲ್ಲಿ ಹೆಚ್ಚು ಹಾನಿಮಾಡಿತೆನ್ನಬೇಕು. 1920ರಿಂದ 1939ರವರೆಗಿನ ಪಟ್ಟಿಗಳು ಮಾತ್ರ ಉಳಿದಿದ್ದು, 1924ರಲ್ಲಿ ಸ್ಥಾಪಿತವಾದ ಅಲ್ಲಿಯ ವಂಶಶೋಧಕರ ಸಂಘವು ಅವುಗಳನ್ನು ಪ್ರತಿಮಾಡಿ ಸರ್ವರಿಗೂ ದೊರೆಯುವಂತೆ ಮಾಡಿದೆ.

ಬ್ರೇಮೆನ್ನಿನಿಂದ ಹೋದವರ ಊರನ್ನು ತಿಳಿಯಲು ಅಮೆರಿಕದ ಕಡೆಯ ಕಾಗದಗಳನ್ನೇ ಆಶ್ರಯಿಸಬೇಕಾಗುತ್ತದೆ. ಪೌರತ್ವದ ಹಳೆಯ ಅರ್ಜಿಗಳಲ್ಲಿ ಯಾವ ರಾಜನಿಗೆ ನಿಷ್ಠೆಯನ್ನು ತ್ಯಜಿಸಿದನೆಂಬುದಕ್ಕಿಂತ ಹೆಚ್ಚಿನ ವಿವರ ಸಾಮಾನ್ಯವಾಗಿ ಇರುವುದಿಲ್ಲ. 1906ರ ಸೆಪ್ಟೆಂಬರಿನಿಂದ ಈಚಿನವುಗಳಲ್ಲಿ ಜನ್ಮಸ್ಥಳವುಂಟು. ಅಮೆರಿಕದ ರೇವುಗಳಿಗೆ ಬಂದ ಹಡಗಿನ ಪಟ್ಟಿಗಳಲ್ಲಿ 1893ರಿಂದ, ಬಂದವನು ಯಾವ ಬಂಧುವಿನ ಮನೆಗೆ ಹೋಗುವನೆಂಬುದನ್ನು ಕೇಳಿದರು. 1907ರ ಕಾನೂನಿನಿಂದ, ಸ್ವದೇಶದಲ್ಲಿ ಬಿಟ್ಟುಬಂದ ಹತ್ತಿರದ ಬಂಧುವಿನ ಹೆಸರನ್ನೂ ವಿಳಾಸವನ್ನೂ ಕೇಳಿದರು. ಒಂದೇ ಸಾಲಿನಲ್ಲಿ ಸಮುದ್ರದ ಎರಡು ದಡಗಳ ಬಂಧುಗಳೂ ನಿಂತಿರುವ ಇಂತಹ ದಾಖಲೆ ಬೇರೊಂದಿಲ್ಲ. ಆದರೆ ವಲಸೆಯ ಮಹಾಪ್ರವಾಹವು ಅಷ್ಟು ಹೊತ್ತಿಗೆ ಇಳಿದುಹೋಗಿತ್ತು.

ಒಂದು ದೇಶದಲ್ಲಿ ಕಳೆದುಹೋದದ್ದು ಮತ್ತೊಂದರಲ್ಲಿ ಸಿಕ್ಕುವುದಕ್ಕೆ ದಪ್ಪ ಬಟ್ಟೆಯ ಷರಾಯಿಗಳಿಂದ ಜಗತ್ಪ್ರಸಿದ್ಧನಾದ ಲೀವೈ ಸ್ಟ್ರೌಸನೇ ನಿದರ್ಶನ. ಸ್ಯಾನ್ ಫ್ರಾನ್ಸಿಸ್ಕೋ ನಗರದ 1906ರ ಭೂಕಂಪದಲ್ಲಿಯೂ ಬೆಂಕಿಯಲ್ಲಿಯೂ ಅವನ ಅಂಗಡಿಯ ಕಾಗದಪತ್ರಗಳೆಲ್ಲ ನಾಶವಾದುವು. ಬವೇರಿಯದ ಬುಟ್ಟನ್‌ಹೈಮ್ ಎಂಬ ಹಳ್ಳಿಯಲ್ಲಿ 1829ರಲ್ಲಿ ಲೋಬ್ ಎಂಬ ಹೆಸರಿನಿಂದ ಹುಟ್ಟಿದ ಅವನು ಅಮೆರಿಕಕ್ಕೆ ಹೋದ ವಿವರಕ್ಕೆ ಆಧಾರ ಒದಗಿಸಿದ್ದು ಅವನ ತಾಯಿಯು ಗಂಡನು ಸತ್ತ ಮೇಲೆ 1847ರಲ್ಲಿ ದೇಶಬಿಡಲು ಅಪ್ಪಣೆ ಕೋರಿ ಸಲ್ಲಿಸಿದ ಅರ್ಜಿ. ಅಪ್ಪಣೆಯಿಲ್ಲದೆ ಹೊರಡಕೂಡದೆಂಬ ಸರಕಾರದ ಕಟ್ಟುಪಾಡು ಅಂದಿನವರಿಗೆ ಕ್ಲೇಶಕರವಾಗಿತ್ತು. ಶೋಧಕರಿಗೆ ಅದೇ ಉಪಕಾರವಾಯಿತು. ಅಪ್ಪಣೆ ಪಡೆಯದೆ, ಸೈನ್ಯಕ್ಕೆ ಸೇರಬೇಕಾಗುವುದೆಂಬ ಭಯದಿಂದ ಓಡಿಹೋದ ತರುಣರು ಮಾತ್ರ ಇಲ್ಲಿ ಸಿಕ್ಕುವುದಿಲ್ಲ.

ಕನ್ನಡನಾಡಿಗೆ ಬಂದ ಜರ್ಮನರು ಇದಕ್ಕೆ ವಿರುದ್ಧವಾದ ಉದಾಹರಣೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನು ತನ್ನ ಒಬ್ಬೊಬ್ಬ ಬೋಧಕನ ಜನ್ಮಸ್ಥಳದಿಂದ ಮೊದಲ್ಗೊಂಡು ಅವನ ವೃತ್ತಾಂತವನ್ನು ದಾಖಲೆಪುಸ್ತಕದಲ್ಲಿ ಬರೆದಿಟ್ಟಿತು. ಮೋಗ್ಲಿಂಗನು ವ್ಯೂರ್ಟೆಂಬರ್ಗಿನ ಬ್ರಾಕನ್‌ಹೈಮಿನವನು. ನಿಘಂಟುಕಾರ ಕಿಟ್ಟೆಲನು ಮೇಲೆ ಹೇಳಿದ ಪೂರ್ವ ಫ್ರೀಸಿಯದ ರೆಸ್ಟರ್‌ಹಾಫೆಯವನು. ಮಂಗಳೂರು ಧಾರವಾಡಗಳ ಮಣ್ಣಿನಲ್ಲಿ ಮಲಗಿರುವವರನ್ನು ಅವರ ಬಂಧುಗಳು ಹುಡುಕಲು ಬಂದರೆ ಬಾಸೆಲ್ಲಿನ ಪತ್ರಾಗಾರವೇ ದಾರಿ ತೋರಿಸುವುದು.

ಕಾಣೆಯಾದವನು ಜರ್ಮನ್ ಕಾನೂನಿನ ದೃಷ್ಟಿಯಲ್ಲಿಯೂ ಒಬ್ಬ ವ್ಯಕ್ತಿ. ತಂದೆಯ ಆಸ್ತಿಯಲ್ಲಿ ಅವನಿಗೆ ಪಾಲುಂಟು. ಅವನು ಬದುಕಿದ್ದಾನೆಯೇ ಇಲ್ಲವೇ ಎಂಬುದು ನಿರ್ಣಯವಾಗದೆ ಅಣ್ಣತಮ್ಮಂದಿರು ಅದನ್ನು ಮುಟ್ಟುವಂತಿರಲಿಲ್ಲ. 1900ರಲ್ಲಿ ಜಾರಿಗೆ ಬಂದ ಸಿವಿಲ್ ಸಂಹಿತೆಯಂತೆ, ಹತ್ತು ವರ್ಷ ಸುದ್ದಿಯಿಲ್ಲದವನನ್ನು ನ್ಯಾಯಸ್ಥಾನವು ಪ್ರಕಟಣೆಯ ಮೂಲಕ ಕರೆದು, ಗೊತ್ತುಮಾಡಿದ ದಿನದೊಳಗೆ ಅವನು ಬಾರದಿದ್ದರೆ ಮೃತನೆಂದು ಸಾರುತ್ತಿತ್ತು. ಮರೆತವರ ವಿಷಯದಲ್ಲಿ ಮನೆಯವರು ಕೇಳಿದ ಕಡೆಯ ಪ್ರಶ್ನೆ ಅನೇಕ ವೇಳೆ ಇದೇ. ಅಂತಹ ಪ್ರಕಟಣೆಗಳು ಈಗ ಅಮೆರಿಕದಿಂದ ಹುಡುಕಿಕೊಂಡು ಬರುವ ಮರಿಮಕ್ಕಳ ಕೈಗೆ ಸಿಕ್ಕುತ್ತವೆ.

ಇದೇ ಪುಸ್ತಕಗಳನ್ನು ಘೋರವಾದ ಕಾರ್ಯಕ್ಕೂ ಉಪಯೋಗಿಸಿದರು. 1933ರ ಏಪ್ರಿಲಿನ ಕಾನೂನಿನಿಂದ ಸರಕಾರಿ ನೌಕರರು ತಮ್ಮ ಅಜ್ಜ ಅಜ್ಜಿಯರು ಯಾರೆಂಬುದನ್ನು ತೋರಿಸಬೇಕಾಯಿತು. 1935ರ ನ್ಯೂರೆಂಬರ್ಗ್ ಕಾನೂನುಗಳ ಬಳಿಕ ಇಗರ್ಜಿಯ ಪುಸ್ತಕದ ಒಂದು ಸಾಲು ಒಬ್ಬನ ಜೀವನೋಪಾಯವನ್ನೂ ಕೊನೆಗೆ ಪ್ರಾಣವನ್ನೂ ನಿರ್ಣಯಿಸುವಂತಾಯಿತು. ಪಾದ್ರಿಗಳು ಲಕ್ಷಗಟ್ಟಲೆ ನಕಲುಗಳನ್ನು ಬರೆದುಕೊಟ್ಟರು. ವಂಶಶೋಧವು ನಿರಪಾಯವಾದ ವಿನೋದವೆಂದು ಭಾವಿಸುವವರು ಈ ಹನ್ನೆರಡು ವರ್ಷಗಳ ದಾಖಲೆಯನ್ನು ನೋಡತಕ್ಕದ್ದು.

1945ರ ಅನಂತರ ಪೂರ್ವದ ಪ್ರಾಂತಗಳಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನರು ಹೊರದೂಡಲ್ಪಟ್ಟಾಗ, ರೆಡ್ ಕ್ರಾಸ್ ಸಂಸ್ಥೆಯು ಹುಡುಕುವವನ ಚೀಟಿಯನ್ನೂ ತನ್ನ ಇರವನ್ನು ತಿಳಿಸಿದವನ ಚೀಟಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಹೆಸರಿನ ಕ್ರಮದಿಂದ ಇಟ್ಟಿತು. ಎರಡು ಚೀಟಿಗಳು ಸಂಧಿಸಿದಲ್ಲಿ ಇಬ್ಬರು ಮನುಷ್ಯರು ಸಂಧಿಸಿದರು. ಇಗರ್ಜಿಗಳ ಶೋಧಸಂಸ್ಥೆಯಾದರೋ ಹೊರಬಿದ್ದವರ ಚೀಟಿಗಳನ್ನು ಅವರು ಬಿಟ್ಟುಬಂದ ಊರಿನ ಕ್ರಮದಿಂದ ಜೋಡಿಸಿತು. ಹೆಸರು ತಪ್ಪಾಗಿದ್ದರೂ ಹಳೆಯ ನೆರೆಯವನೊಬ್ಬನು ಗುರುತು ಹೇಳಬಲ್ಲನೆಂಬುದೇ ಇದರ ತಾತ್ಪರ್ಯ. ನಾಜಿಗಳ ಹಿಂಸೆಗೆ ಈಡಾದವರ ದಾಖಲೆಗಳು ಆರೋಲ್‌ಸನ್ನಿನಲ್ಲಿ ಸಂಗ್ರಹವಾದುವು. ಸುಮಾರು 1 ಕೋಟಿ 75 ಲಕ್ಷ ಜನರ ವಿಷಯವಿರುವ ಆ ಭಂಡಾರವು ವಿದ್ವಾಂಸರಿಗೆ ತೆರೆದದ್ದು 2007ರಲ್ಲಿ. 1933ರ ಜನವರಿ 30ರಿಂದ 1945ರ ಮೇ 8ರವರೆಗೆ ಪೌರತ್ವವನ್ನು ಕಸಿದುಕೊಳ್ಳಲ್ಪಟ್ಟವರ ಸಂತತಿಯವರು ಅದನ್ನು ಮರಳಿ ಪಡೆಯಬಹುದೆಂದು ಜರ್ಮನಿಯ ಮೂಲಸಂವಿಧಾನದ 116ನೆಯ ವಿಧಿ ಹೇಳುತ್ತದೆ. 2021ರ ಆಗಸ್ಟಿನ ಕಾನೂನು, ಅದರಿಂದ ಹೊರಗುಳಿದಿದ್ದ ಇತರರಿಗೂ ಆ ದಾರಿಯನ್ನು ತೆರೆಯಿತು. ನ್ಯೂಯಾರ್ಕಿನಲ್ಲಿಯೋ ಬ್ಯೂನಸ್ ಐರಿಸ್ಸಿನಲ್ಲಿಯೋ ಇರುವ ಮೊಮ್ಮಗನು ಅರ್ಜಿಯೊಡನೆ ಅಜ್ಜನ ಜನನಪತ್ರವನ್ನು ಸಲ್ಲಿಸಬೇಕು. ಅದಕ್ಕಾಗಿ ಅವನು ಮೊದಲು ಕಂಡುಹಿಡಿಯಬೇಕಾದದ್ದು ಅಜ್ಜನ ಊರು ಯಾವುದೆಂಬುದನ್ನು.