ಉದ್ರಿ ಪುಸ್ತಕ ಮತ್ತು ಸರಣಿ ಮಳಿಗೆ: ಮದರಾಸಿನ ಚಿಲ್ಲರೆ ವ್ಯಾಪಾರದ ಇತಿಹಾಸಕ್ಕೊಂದು ಪ್ರವೇಶ

ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳಕ್ಕೆ ಎಡೆಗೊಡಬೇಕೆ ಎಂಬ ಪ್ರಶ್ನೆ 2011-12ರಲ್ಲಿ ದೇಶದ ಎಲ್ಲೆಡೆ ಚರ್ಚೆಗೆ ಬಂದಾಗ, ಪರ ಮತ್ತು ವಿರೋಧ ಪಕ್ಷಗಳೆರಡೂ ಒಂದು ಚಿತ್ರವನ್ನು ಮಾತ್ರ ಭಿನ್ನಾಭಿಪ್ರಾಯವಿಲ್ಲದೆ ಒಪ್ಪಿಕೊಂಡಿದ್ದವು. ಒಂದು ಕಡೆ ಬೀದಿಯ ಮೂಲೆಯಲ್ಲಿ ಒಂಟಿಯಾಗಿ ಕುಳಿತ ಸಣ್ಣ ಅಂಗಡಿಕಾರ. ಇನ್ನೊಂದು ಕಡೆ ಒಂದೇ ಹೆಸರಿನಲ್ಲಿ ಊರೂರಿಗೂ ಹಬ್ಬುವ, ಹೊರಗಿನಿಂದ ಬಂದ ದೊಡ್ಡ ಮಳಿಗೆ. ಮೊದಲನೆಯದು ಹಳೆಯದು, ಎರಡನೆಯದು ಹೊಸದು ಎಂಬ ಭಾವನೆಯೂ ಆ ಚಿತ್ರದ ಭಾಗವಾಗಿತ್ತು. ಆ ಚರ್ಚೆಯಲ್ಲಿ ಯಾರ ಮಾತು ಸರಿಯೆಂಬ ತೀರ್ಮಾನವನ್ನು ನಾವು ಅರ್ಥಶಾಸ್ತ್ರಜ್ಞರಿಗೆ ಬಿಡುತ್ತೇವೆ. ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಆ ಚಿತ್ರದ ಚಾರಿತ್ರಿಕ ಆಧಾರವನ್ನು. ಮದರಾಸು ನಗರದ ಮಟ್ಟಿಗಾದರೂ ಅದು ನಿಲ್ಲುವಂತಿಲ್ಲ. ಸಣ್ಣ ಅಂಗಡಿಗೂ ಸರಣಿ ಮಳಿಗೆಗೂ ಇರುವ ನಿಜವಾದ ಅಂತರ ಉದ್ರಿಯಲ್ಲಿ, ಅಂದರೆ ಯಾರು ಯಾರಿಗೆ ಸಾಲ ಕೊಡುತ್ತಾರೆ, ಅದರ ಲೆಕ್ಕವನ್ನು ಯಾರು ಬರೆದಿಡುತ್ತಾರೆ ಎಂಬುದರಲ್ಲಿ ಇದೆಯೆಂಬುದು ನಮ್ಮ ಅಭಿಪ್ರಾಯ.

ಮದರಾಸನ್ನು ಆರಿಸಿಕೊಳ್ಳಲು ಕಾರಣವುಂಟು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಆ ನಗರದಿಂದಲೇ ಆಳಲ್ಪಟ್ಟವು. ಹೀಗಾಗಿ ಈ ಭಾಗಗಳ ಆರ್ಥಿಕ ಇತಿಹಾಸದ ಕಾಗದಪತ್ರಗಳಲ್ಲಿ ಒಂದು ದೊಡ್ಡ ಪಾಲು ಇಂದಿಗೂ ಎಗ್ಮೋರಿನ ಪತ್ರಾಗಾರದಲ್ಲಿದೆ. ಓದಿಗಾಗಿ, ನೌಕರಿಗಾಗಿ, ಹೋಟೆಲ್ ಉದ್ಯಮಕ್ಕಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರು ಆ ಊರಿನ ಅಂಗಡಿಗಳ ಗಿರಾಕಿಗಳಾಗಿದ್ದರೆಂಬುದೂ ಸಹಜವೇ. ಕನ್ನಡದಲ್ಲಿ ‘ಮಳಿಗೆ’ ಎಂದರೆ ಅಂಗಡಿಯ ಕಟ್ಟಡ, ಉಗ್ರಾಣ. ತಮಿಳಿನಲ್ಲಿ ‘ಮಳಿಗೈ’ ಎಂದರೆ ಅಕ್ಕಿ, ಬೇಳೆ, ಮೆಣಸು ಮೊದಲಾದ ದಿನಸಿ ಸಾಮಾನು. ಹೊಸದಾಗಿ ಬಂದ ಕನ್ನಡಿಗನಿಗೆ ‘ಮಳಿಗೈ ಕಡೈ’ ಎಂಬ ಫಲಕ ಒಂದೇ ಮಾತನ್ನು ಎರಡು ಸಲ ಹೇಳಿದಂತೆ ತೋರುತ್ತಿದ್ದಿರಬೇಕು.

ಬಹು ಶಾಖೆಗಳ ಮಳಿಗೆ ಮದರಾಸಿಗೆ ಇತ್ತೀಚಿನದಲ್ಲ. 1863ರಲ್ಲಿ ಆರಂಭವಾದ ಸ್ಪೆನ್ಸರ್ ಸಂಸ್ಥೆ ಮೌಂಟ್ ರಸ್ತೆಯಿಂದ ಹೊರಟು ಹಲವು ನಗರಗಳಿಗೆ ಹಬ್ಬಿತು. ಆದರೆ ಅದರ ಗಿರಾಕಿಗಳು ಯುರೋಪಿಯನ್ನರು ಮತ್ತು ಅವರ ಬದುಕಿನ ರೀತಿಯನ್ನು ಅನುಸರಿಸಿದ ಸ್ಥಿತಿವಂತರು; ಬಹುಜನರ ಅಡಿಗೆಮನೆಯ ಹತ್ತಿರಕ್ಕೆ ಅದು ಬರಲಿಲ್ಲ. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು 1904ರ ಏಪ್ರಿಲ್ ತಿಂಗಳಲ್ಲಿ ತಿರುವಲ್ಲಿಕ್ಕೇಣಿಯ ಒಂದು ಬಾಡಿಗೆ ಜಾಗದಲ್ಲಿ ಆರಂಭವಾದ ಸಹಕಾರಿ ಅಂಗಡಿ. ಟ್ರಿಪ್ಲಿಕೇನ್ ಅರ್ಬನ್ ಕೋಆಪರೇಟಿವ್ ಸೊಸೈಟಿ ಎಂಬ ಹೆಸರಿನ, ಜನರ ಬಾಯಲ್ಲಿ ಟಿ.ಯು.ಸಿ.ಎಸ್. ಆದ ಈ ಸಂಘ ಬಳಕೆದಾರರ ಸಹಕಾರ ಸಂಸ್ಥೆಗಳಲ್ಲಿ ದೇಶಕ್ಕೇ ಮೊದಲನೆಯದೆಂದು ಪರಿಗಣಿತವಾಗಿದೆ. ಅದನ್ನು ಕಟ್ಟಿದವರಲ್ಲಿ ಆಗ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಸೇರಿದ್ದರು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರು ತೆರೆದ ಅಂಗಡಿ ಇವರಿಗೆ ಮಾದರಿ. ಸದಸ್ಯರೇ ಒಡೆಯರು, ಸದಸ್ಯರೇ ಗಿರಾಕಿಗಳು. ಶುದ್ಧ ಸರಕು, ಸರಿಯಾದ ಅಳತೆ. ಲಾಭವನ್ನು ಕೊಂಡ ಪ್ರಮಾಣಕ್ಕೆ ತಕ್ಕಂತೆ ಹಂಚುವುದು.

ಮುಂದಿನ ದಶಕಗಳಲ್ಲಿ ಈ ಸಂಘ ನಗರದ ನಾನಾ ಬಡಾವಣೆಗಳಲ್ಲಿ ಶಾಖೆಗಳನ್ನು ತೆರೆಯಿತು. ಒಂದೇ ಹೆಸರು, ಒಟ್ಟು ಖರೀದಿ, ಎಲ್ಲ ಶಾಖೆಗಳಿಗೂ ಒಂದೇ ದರಪಟ್ಟಿ. ಇಂದು ಸರಣಿ ಮಳಿಗೆಯ ಲಕ್ಷಣಗಳೆಂದು ಹೇಳುವುದೆಲ್ಲವೂ ಇಲ್ಲಿತ್ತು. ಅಂದಮೇಲೆ ಮದರಾಸಿನ ಮಧ್ಯಮ ವರ್ಗದವರಿಗೆ ಸರಣಿ ಮಳಿಗೆಯನ್ನು ಪರಿಚಯಿಸಿದ್ದು ಹೊರಗಿನ ಬಂಡವಾಳವಲ್ಲ. ಬೀದಿಯ ಅಂಗಡಿಯ ಕಲಬೆರಕೆಗೂ ಕಳ್ಳ ಅಳತೆಗೂ ಬೇಸತ್ತ ಗುಮಾಸ್ತರು, ಉಪಾಧ್ಯಾಯರು ತಾವೇ ಕೂಡಿ ಮಾಡಿದ ಏರ್ಪಾಡು. ಸಣ್ಣ ಅಂಗಡಿಯನ್ನು ಕುರಿತ ಇಂದಿನ ಹಂಬಲದ ಬರಹಗಳಲ್ಲಿ ಈ ಅಸಮಾಧಾನದ ಸುಳಿವೇ ಸಿಗುವುದಿಲ್ಲವೆಂಬುದನ್ನು ಗಮನಿಸಬೇಕು.

ಸಂಘ ಹುಟ್ಟಿದ ಕಾಲದ ಕಾನೂನು ಮಾತ್ರ ಅದಕ್ಕೆ ಹೊಂದುವಂತಿರಲಿಲ್ಲ. 1904ರ ಸಹಕಾರ ಕಾಯ್ದೆ ಸಾಲ ಕೊಡುವ ಸಂಘಗಳನ್ನಷ್ಟೇ ಕಣ್ಣ ಮುಂದಿಟ್ಟುಕೊಂಡಿತ್ತು. ಇತರ ಬಗೆಯ ಸಂಘಗಳಿಗೆ ಸ್ಪಷ್ಟ ಮನ್ನಣೆ ದೊರೆತದ್ದು 1912ರ ಕಾಯ್ದೆಯಿಂದ. ಕನ್ನಡ ನಾಡಿನ ಅನುಭವವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಮುಂಬಯಿ ಪ್ರಾಂತದಲ್ಲಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ್ದು ಕೃಷಿ ಪತ್ತಿನ ಸಂಘ. ಮದರಾಸು ಪ್ರಾಂತದ ಪುತ್ತೂರಿನಲ್ಲಿ 1909ರಲ್ಲಿ ಮೊಳಹಳ್ಳಿ ಶಿವರಾಯರು ಆರಂಭಿಸಿದ್ದೂ ಪತ್ತಿನ ಸಂಘವೇ. ಒಂದೇ ಪ್ರಾಂತದ, ಒಂದೇ ಇಲಾಖೆಯ ಮೇಲ್ವಿಚಾರಣೆಯಲ್ಲಿ ಪುತ್ತೂರಿನ ರೈತ ಸಾಲಕ್ಕಾಗಿ ಸಂಘ ಕಟ್ಟಿದ, ಮದರಾಸಿನ ಗುಮಾಸ್ತ ಅಕ್ಕಿ ಬೇಳೆಗಾಗಿ ಕಟ್ಟಿದ. ರೈತನ ಸಂಘಗಳು ಬೇರುಬಿಟ್ಟಷ್ಟು ಆಳವಾಗಿ ಅಂಗಡಿಯ ಸಂಘಗಳು ಬೇರುಬಿಡಲಿಲ್ಲ. ಏಕೆಂಬುದಕ್ಕೆ ಉತ್ತರ ಪುನಃ ಸಾಲದಲ್ಲೇ ಇದೆ.

ರಾಚ್‌ಡೇಲಿನ ನೇಕಾರರ ಕಟ್ಟುನಿಟ್ಟಾದ ನಿಯಮ ನಗದು ವ್ಯಾಪಾರ. ಅವರ ಮಜೂರಿ ವಾರಕ್ಕೊಮ್ಮೆ ಕೈಗೆ ಬರುತ್ತಿತ್ತು. ಮದರಾಸಿನ ಗುಮಾಸ್ತನಿಗೆ ಸಂಬಳ ತಿಂಗಳಿಗೊಮ್ಮೆ. ಇಪ್ಪತ್ತನೆಯ ತಾರೀಖಿನ ಮೇಲೆ ನಗದು ಕೇಳುವ ಅಂಗಡಿ, ಅದು ತನ್ನದೇ ಸಂಘದ್ದಾದರೂ, ಅವನಿಗೆ ಒದಗುತ್ತಿರಲಿಲ್ಲ. ಸಹಕಾರಿ ಅಂಗಡಿಗಳ ಏಳುಬೀಳಿನ ಚರಿತ್ರೆಯನ್ನು ನೋಡಿದರೆ, ಅವು ಮೇಲೆದ್ದದ್ದು ಅಭಾವದ ಕಾಲದಲ್ಲಿ, ಸರಕಾರದ ಆಸರೆಯಲ್ಲಿ. ಎರಡನೆಯ ಮಹಾಯುದ್ಧದ ಪಡಿತರ ಪದ್ಧತಿ ಅವುಗಳಿಗೆ ಜೀವ ತುಂಬಿತು. 1952ರಲ್ಲಿ ರಾಜಾಜಿಯವರ ಸರಕಾರ ಮದರಾಸಿನಲ್ಲಿ ಆಹಾರ ನಿಯಂತ್ರಣವನ್ನು ತೆಗೆದುಹಾಕಿದಾಗ ಆ ಆಸರೆ ತಪ್ಪಿತು. 1962ರ ಚೀನಾ ಯುದ್ಧದ ಬೆನ್ನಿಗೆ ಕೇಂದ್ರ ಸರಕಾರ ಬಳಕೆದಾರರ ಸಹಕಾರ ಸಂಘಗಳಿಗಾಗಿ ಒಂದು ಯೋಜನೆಯನ್ನು ತಂದಿತು. 1966ರಲ್ಲಿ, ರೂಪಾಯಿ ಅಪಮೌಲ್ಯದ ಬೆಲೆಯೇರಿಕೆಯ ದಿನಗಳಲ್ಲಿ, ದೆಹಲಿಯ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ತೆರೆಯಿತು. 2002ರ ವೇಳೆಗೆ ಅದು ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿತ್ತು. ಟಿ.ಯು.ಸಿ.ಎಸ್. ಉಳಿದುಕೊಂಡಿತಾದರೂ ಪಡಿತರ ಅಂಗಡಿಗಳನ್ನು ನಡೆಸುವ ಸಂಸ್ಥೆಯೆಂದೇ ಅದರ ಮುಖ್ಯ ಗುರುತು ಉಳಿಯಿತು.

ಇನ್ನು ಸಣ್ಣ ಅಂಗಡಿ. ಮದರಾಸಿನ ದಿನಸಿ ಅಂಗಡಿಗಳಲ್ಲಿ ಬಹುಪಾಲನ್ನು ನಡೆಸಿದವರು ತೆಂಕಣ ಜಿಲ್ಲೆಗಳಿಂದ ಬಂದ ನಾಡಾರ್ ಸಮುದಾಯದವರು. ಅವರ ಅಂಗಡಿಗೆ ‘ಅಣ್ಣಾಚಿ ಕಡೈ’ ಎಂದೇ ಹೆಸರು. ಈ ಅಂಗಡಿಕಾರ ಒಂಟಿಯೇ? ಅವನ ಹಿಂದೆ ‘ಮಹಮೈ’ ಎಂಬ ವ್ಯವಸ್ಥೆಯಿತ್ತು. ವಿರುದುನಗರ, ಶಿವಕಾಶಿ, ಅರುಪ್ಪುಕೋಟೆ ಮೊದಲಾದ ಪೇಟೆಗಳಲ್ಲಿ ನಾಡಾರ್ ವರ್ತಕರು ತಮ್ಮ ವ್ಯವಹಾರದ ಮೇಲೆ ತಾವೇ ವಿಧಿಸಿಕೊಂಡ ಸಣ್ಣ ವಂತಿಗೆ ಅದು. ಅದರಿಂದ ಗುಡಿ, ಬಾವಿ, ಶಾಲೆಗಳು ನಡೆದವು. ವಿರುದುನಗರದ ಕ್ಷತ್ರಿಯ ವಿದ್ಯಾಶಾಲೆ 1889ರಲ್ಲಿ ಈ ಹಣದಿಂದಲೇ ಎದ್ದಿತು. 1910ರಲ್ಲಿ ಮಹಾಜನ ಸಂಘ, 1921ರಲ್ಲಿ ತೂತುಕುಡಿಯಲ್ಲಿ ನಾಡಾರ್ ಬ್ಯಾಂಕು ಬಂದವು. ಮುಂದೆ ತಮಿಳುನಾಡ್ ಮರ್ಕಂಟೈಲ್ ಬ್ಯಾಂಕು ಆದದ್ದು ಅದೇ. ರಾಬರ್ಟ್ ಹಾರ್ಡ್‌ಗ್ರೇವ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಗತಿಗಳನ್ನು ವಿಸ್ತಾರವಾಗಿ ದಾಖಲಿಸಿದೆ. ಊರಿನಿಂದ ಬಂದ ಹುಡುಗ ನೆಂಟನ ಅಂಗಡಿಯಲ್ಲಿ ಕೆಲಸ ಕಲಿತು, ಕೆಲವು ವರ್ಷಗಳ ಮೇಲೆ ಆತನ ನೆರವಿನಿಂದ ಬೇರೊಂದು ಬೀದಿಯಲ್ಲಿ ತನ್ನದೇ ಅಂಗಡಿ ಹಾಕುತ್ತಿದ್ದ. ಫಲಕದ ಮೇಲಿನ ಹೆಸರು ಬೇರೆ, ಒಡೆತನ ಬೇರೆ, ಸರಣಿ ಇತ್ತು.

ಕನ್ನಡ ಶಾಸನಗಳನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಐಹೊಳೆಯ ಐನೂರ್ವರು ಹೇರಿಗಿಷ್ಟು, ಚೀಲಕ್ಕಿಷ್ಟು ಎಂದು ತಾವೇ ಕಟ್ಟಿಕೊಂಡು ದೇಗುಲಗಳಿಗೆ ಬಿಟ್ಟ ಆಯದ ಶಾಸನಗಳು ಹೇರಳವಾಗಿವೆ. ತಮಿಳುನಾಡಿನಲ್ಲಿಯೂ, ದೂರದ ಸುಮಾತ್ರಾದ ಬರೂಸಿನ 1088ರ ತಮಿಳು ಶಾಸನದಲ್ಲಿಯೂ ಅವರ ಹೆಸರಿದೆ. ಮಹಮೈಗೂ ಇದಕ್ಕೂ ನೇರ ಸಂಬಂಧವನ್ನು ನಾವು ಸೂಚಿಸುತ್ತಿಲ್ಲ. ಆದರೆ ಒಂದು ಸಾಮ್ಯ ಗಮನಾರ್ಹ. ವರ್ತಕ ಸಮೂಹದ ದಾನ ಕಲ್ಲಿನಲ್ಲಿ ಉಳಿದಿದೆ, ಅಂಗಡಿಯಲ್ಲಿ ಗಿರಾಕಿಯೊಡನೆ ನಡೆದ ಲೆಕ್ಕ ಎಲ್ಲಿಯೂ ಉಳಿದಿಲ್ಲ. ಇಪ್ಪತ್ತನೆಯ ಶತಮಾನದ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ಆ ಲೆಕ್ಕದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉದ್ರಿಯ ಮನೆಗೆ ಅಂಗಡಿಯಾತ ಒಂದು ಸಣ್ಣ ಪುಸ್ತಕ ಕೊಡುತ್ತಿದ್ದ. ಸಾಮಾನು ತರಲು ಹೋದವರು ಅದನ್ನು ಒಯ್ಯಬೇಕು. ಆತ ತಾರೀಖು, ಸರಕು, ಅಳತೆ, ಹಣ ಬರೆದು ಕೊಡಬೇಕು. ತನ್ನ ಬಳಿಯ ದೊಡ್ಡ ಪುಸ್ತಕದಲ್ಲಿ ಅದರದೇ ಒಂದು ನಕಲು. ಸಂಬಳ ಬಂದ ವಾರದಲ್ಲಿ ಎರಡೂ ತಾಳೆಯಾಗಿ ಹಣ ಸಂದಾಯವಾಗುತ್ತಿತ್ತು, ಅನೇಕ ವೇಳೆ ಪೂರ್ತಿಯಾಗಿ ಅಲ್ಲ. ಈ ಬಾಕಿಗೆ ಬಡ್ಡಿಯೆಂಬ ಹೆಸರಿಲ್ಲ. ಅದರ ಬೆಲೆ ದರದಲ್ಲೋ ಅಳತೆಯಲ್ಲೋ ಅಡಗಿರುತ್ತಿತ್ತು. ಪಟ್ಟಣದ ಪಡಿಯಲ್ಲಿ ಅಕ್ಕಿಯನ್ನು ರಾಶಿಗಟ್ಟಿ ಅಳೆಯುವುದಕ್ಕೂ ಅಂಚಿಗೆ ಸಮನಾಗಿ ತಲೆ ಹೊಡೆದು ಅಳೆಯುವುದಕ್ಕೂ ಇರುವ ಅಂತರ ಸಣ್ಣದಲ್ಲ. ಅಂಗಡಿಯಾತನೂ ಸ್ವತಃ ಸಾಲಗಾರ. ಕೊತ್ತವಾಲ್ ಚಾವಡಿಯ ಸಗಟು ಮಂಡಿಯವರು ಅವನಿಗೆ ವಾಯಿದೆ ಕೊಟ್ಟರೆ ಅವನು ಮನೆಗಳಿಗೆ ಉದ್ರಿ ಕೊಡಬಲ್ಲ. ಗಿರಾಕಿ ಬೇರೆ ಅಂಗಡಿಗೆ ಹೋಗದಂತೆ ಹಿಡಿದಿಟ್ಟದ್ದೂ, ಮನೆಯಲ್ಲಿ ಕಾಯಿಲೆಯಾದ ತಿಂಗಳು ಒಲೆ ಆರದಂತೆ ನೋಡಿಕೊಂಡದ್ದೂ ಈ ಪುಸ್ತಕವೇ. ಇವೆರಡರಲ್ಲಿ ಒಂದನ್ನಷ್ಟೇ ಹೇಳುವ ಬರಹಗಳು ನಮಗೆ ಅಪೂರ್ಣವೆನಿಸುತ್ತವೆ.

ಅಳತೆಯ ಗುಟ್ಟು ಮೊದಲು ಒಡೆಯಿತು. 1956ರ ತೂಕ ಅಳತೆಗಳ ಕಾಯ್ದೆಯ ಪ್ರಕಾರ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದು ಪಡಿ, ಆಳಾಕುಗಳು ಕಾನೂನಿನಿಂದ ಹೊರಬಿದ್ದವು. 1977ರ ನಿಯಮಗಳು ಪೊಟ್ಟಣದ ಸರಕಿನ ಮೇಲೆ ತೂಕ ಬೆಲೆಗಳನ್ನು ಮುದ್ರಿಸುವಂತೆ ವಿಧಿಸಿದವು. 1990ರಿಂದ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ ಕಡ್ಡಾಯವಾಯಿತು. ಗಿರಾಕಿಯ ರಕ್ಷಣೆಗೆಂದು ಬಂದ ಈ ಎಂ.ಆರ್.ಪಿ.ಗೆ ಇನ್ನೊಂದು ಪರಿಣಾಮವೂ ಇತ್ತು. ಎಲ್ಲ ಅಂಗಡಿಗಳಲ್ಲೂ ಕಾಣುವ ಒಂದೇ ಅಂಕಿ ಬಂದಮೇಲೆ, ಅದಕ್ಕಿಂತ ಕಡಿಮೆಗೆ ಮಾರುತ್ತೇವೆಂದು ಸಾರುವುದು ಸಾಧ್ಯವಾಯಿತು. ಹಾಗೆ ಸಾರಬಲ್ಲವರು ಸಗಟಾಗಿ ಕೊಳ್ಳಬಲ್ಲವರೇ.

1996 ಈ ನಗರದ ವ್ಯಾಪಾರದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಊರಿನ ಹೆಸರು ಚೆನ್ನೈ ಎಂದಾದದ್ದು ಆ ವರ್ಷ. ಕೊತ್ತವಾಲ್ ಚಾವಡಿಯ ತರಕಾರಿ ಸಗಟು ಮಾರುಕಟ್ಟೆ ಕೋಯಂಬೇಡಿಗೆ ಸ್ಥಳಾಂತರವಾದದ್ದೂ, ಆರ್.ಪಿ.ಜಿ. ಸಮೂಹದ ಫುಡ್‌ವರ್ಲ್ಡ್ ಮೊದಲ ಮಳಿಗೆ ತೆರೆದದ್ದೂ ಆಗಲೇ. ಮರುವರ್ಷ ತಿರುವಾನ್ಮಿಯೂರಿನಲ್ಲಿ ಸುಭಿಕ್ಷ ಆರಂಭವಾಯಿತು. ಕ್ಷಾಮಕ್ಕೆ ಎದುರಾದ ಆ ಪದ 1904ರ ಸಂಘಕ್ಕೆ ಹೆಚ್ಚು ಒಪ್ಪುತ್ತಿತ್ತೇನೋ. ತಂಪು ಹವೆಯ ಥಳಕಿಲ್ಲದ ಸಣ್ಣ ಮಳಿಗೆಗಳಲ್ಲಿ, ಮುದ್ರಿತ ಬೆಲೆಗಿಂತ ಕಡಿಮೆಗೆ, ಮನೆಗೆ ಹತ್ತಿರದಲ್ಲಿ ಮಾರುವುದು ಅದರ ಕ್ರಮ. ಬೀದಿಯ ಅಂಗಡಿಯ ರೂಪವನ್ನೇ ಅದು ಬಹುಮಟ್ಟಿಗೆ ತಳೆದಿತ್ತು. ಉದ್ರಿಯೊಂದನ್ನು ಮಾತ್ರ ತೆಗೆದುಕೊಳ್ಳಲಿಲ್ಲ. 2008ರ ಹೊತ್ತಿಗೆ ದೇಶದಲ್ಲಿ ಸುಮಾರು 1,600 ಮಳಿಗೆಗಳಾಗಿ ಬೆಳೆದಿದ್ದ ಆ ಸಂಸ್ಥೆ 2009ರ ಆರಂಭದಲ್ಲಿ ಕೈಯಲ್ಲಿ ನಗದಿಲ್ಲದೆ ನಿಂತಿತು. ಸಾಲದಿಂದ ಬೆಳೆದು, ಹೊಸ ಸಾಲ ಹುಟ್ಟದೆ ನಿಂತ ಅಂಗಡಿಯೆಂದು ಅದನ್ನು ವರ್ಣಿಸಬಹುದು. ಆ ಸಾಲ ಬ್ಯಾಂಕುಗಳದ್ದು, ಸರಬರಾಜುದಾರರದ್ದು. ಗಿರಾಕಿಗೆ ಅದರಲ್ಲಿ ಪಾಲಿರಲಿಲ್ಲ.

ಅನಂತರದ ಬೆಳವಣಿಗೆಗಳು ಎಲ್ಲರಿಗೂ ತಿಳಿದಿರುವುದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. 2012ರಲ್ಲಿ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರವರೆಗೆ ವಿದೇಶಿ ಬಂಡವಾಳಕ್ಕೆ ಅನುಮತಿ ದೊರೆತರೂ ಅದನ್ನು ಜಾರಿಗೊಳಿಸುವ ನಿರ್ಧಾರವನ್ನು ರಾಜ್ಯಗಳಿಗೆ ಬಿಡಲಾಯಿತು, ತಮಿಳುನಾಡು ಒಪ್ಪಲಿಲ್ಲ. 2017ರ ಮಾರ್ಚ್‌ನಲ್ಲಿ ಅಲ್ಲಿನ ವರ್ತಕ ಸಂಘಗಳು ವಿದೇಶಿ ಕಂಪನಿಗಳ ತಂಪುಪಾನೀಯಗಳನ್ನು ಮಾರುವುದಿಲ್ಲವೆಂದು ಸಾರಿದವು. ಒಂಟಿ ಅಂಗಡಿಕಾರರಿಂದ ಆಗುವ ಕೆಲಸವಲ್ಲ ಅದು. 2003ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಂಸ್ಥೆ ಮೆಟ್ರೋ ಅಂಗಡಿಕಾರರಿಗೇ ಸಗಟು ಮಾರುವ ದಾರಿ ಹಿಡಿದಿತ್ತು. 2023ರಲ್ಲಿ ಅದರ ಭಾರತದ ವ್ಯಾಪಾರ ರಿಲಯನ್ಸ್ ಕೈಸೇರಿತು. ಕೊತ್ತವಾಲ್ ಚಾವಡಿಯ ಮಂಡಿಯವರಿದ್ದ ಜಾಗದಲ್ಲಿ ದೊಡ್ಡ ಬಂಡವಾಳ ನಿಲ್ಲತೊಡಗಿದೆ. ಗಿರಾಕಿಯ ಸಾಲವಾದರೋ ಅಂಗಡಿಯಿಂದ ಬೇರ್ಪಟ್ಟು ಬ್ಯಾಂಕಿನ ಕಾರ್ಡಿಗೂ ಮೊಬೈಲು ಫೋನಿಗೂ ಸರಿಯುತ್ತಿದೆ. ಅದಕ್ಕೆ ಬಡ್ಡಿಯೆಂಬ ಹೆಸರೂ ಇದೆ, ತಪ್ಪಿದರೆ ದಂಡವೂ ಇದೆ.

ಈ ಇತಿಹಾಸವನ್ನು ಬರೆಯಹೊರಟವರಿಗೆ ಎದುರಾಗುವ ಮುಖ್ಯ ಕಷ್ಟ ಆಕರದ್ದು. ಸಹಕಾರಿ ಸಂಘಗಳ ವಾರ್ಷಿಕ ವರದಿಗಳು, ಕಂಪನಿಗಳ ಲೆಕ್ಕಪತ್ರಗಳು ದೊರೆಯುತ್ತವೆ. ಸಣ್ಣ ಅಂಗಡಿಯ ದೊಡ್ಡ ಪುಸ್ತಕ ಬಾಕಿ ತೀರಿದ ಮೇಲೆ ಹಾಳೆ ಹಾಳೆಯಾಗಿ ಹರಿದು ಅದೇ ಅಂಗಡಿಯಲ್ಲಿ ಜೀರಿಗೆ, ಮೆಣಸಿನ ಪೊಟ್ಟಣವಾಗಿ ಹೋಗಿದೆ. ಉಳಿದಿದ್ದರೆ ಮನೆಗಳಲ್ಲಿನ ಸಣ್ಣ ಪುಸ್ತಕಗಳು ಉಳಿದಿರಬೇಕು. ಮದರಾಸಿನ ಒಂದು ಕನ್ನಡ ಮನೆಯಲ್ಲಿ ನಮಗೆ ನೋಡಲು ದೊರೆತ ಅಂಥದೊಂದು ಪುಸ್ತಕದಲ್ಲಿ ಅಂಗಡಿಯಾತ ‘ತುವರಂ ಪರುಪ್ಪು’ ಎಂದು ತಮಿಳಿನಲ್ಲಿ ಬರೆದ ಸಾಲಿನ ಪಕ್ಕದಲ್ಲಿ, ಪೆನ್ಸಿಲಿನಿಂದ, ಕನ್ನಡದಲ್ಲಿ ‘ತೊಗರಿಬೇಳೆ, ಅಳತೆ ಕಡಿಮೆ’ ಎಂದಿದೆ. ಆ ತಿಂಗಳ ಕೊನೆಯಲ್ಲಿ ಬಾಕಿ ಪೂರ್ತಿ ಸಂದಿಲ್ಲ. ಮುಂದಿನ ತಿಂಗಳ ಲೆಕ್ಕವೂ ಅದೇ ಅಂಗಡಿಯದು.